ದಾಳಿಂಬೆ ತೋಟ, ಅಜ್ಜನ ಇಂಜೆಕ್ಷನ್: ಜೀವಿ ಬದಲಾದರೂ ಬದಲಾಗದ ರೈಬೋಸೋಮ್ ಜೀನ್‌ಗಳ ಬಗ್ಗೆ ನೀವು ತಿಳಿಯಬೇಕಾದ್ದು

2000ದ ದಶಕದ ನಡುವಿನ ಮಾತು. ನಾನಿನ್ನೂ ಪ್ರೈಮರಿ ಸಾಲಿಯಲ್ಲಿದ್ದೆ. ಜಮಖಂಡಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನಿಗೆ ಎರಡನೇ ಸಲ ಟಿಬಿ ಬಂದಿತ್ತು. ಮಾತ್ರೆ ಜೊತೆಗೆ ವಾರಕ್ಕೆ ಮೂರು ದಿನ ಇಂಜೆಕ್ಷನ್. ಮಾಡಿಸಿಕೊಂಡು ಬಂದು ಕಟ್ಟೆ ಮೇಲೆ ಕೂತು, "ತಲಿ ಗಿರ್ ಅಂತೈತಿ, ಕಿವ್ಯಾಗ ಗುಂಯ್ ಅಂತೈತಿ" ಅನ್ನುತ್ತಿದ್ದ. ಅದೇ ವರ್ಷಗಳಲ್ಲಿ ಬೀಳಗಿ ಕಡೆ ನಮ್ಮ ಕಾಕಾ ದಾಳಿಂಬೆ ಹಚ್ಚಿದ್ದ. ಸೂಟಿಗೆ ಹೋದಾಗ ಬ್ಯಾರಲ್ ನೀರಿಗೆ ಸಣ್ಣ ಸಣ್ಣ ಪಾಕೀಟಿನ ಪುಡಿ ಸುರಿದು ಕಲಕುವ ಕೆಲಸ ನಂದು. "ಇದೇನ್ ಎಣ್ಣಿ ಕಾಕಾ?" ಅಂದ್ರೆ, "ಸ್ಟ್ರೆಪ್ಟೊ. ಚುಕ್ಕಿ ರೋಗಕ್ಕ" ಅನ್ನುತ್ತಿದ್ದ.

ಅಜ್ಜನ ಇಂಜೆಕ್ಷನ್ನು, ಕಾಕಾನ ಪಾಕೀಟು — ಎರಡರಲ್ಲೂ ಇದ್ದದ್ದು ಒಂದೇ ಔಷಧಿ ಅನ್ನೋದು ನನಗೆ ಗೊತ್ತಾಗಿದ್ದು ಬಿಎಸ್ಸಿಗೆ ಬಂದ ಮೇಲೆ. ಸ್ಟ್ರೆಪ್ಟೊಮೈಸಿನ್. ಮನುಷ್ಯನ ಶ್ವಾಸಕೋಶದ ರೋಗಕ್ಕೂ ದಾಳಿಂಬೆ ಹಣ್ಣಿನ ಚುಕ್ಕಿಗೂ ಒಂದೇ ಮದ್ದು ಹೇಗೆ? ಅದು ಬ್ಯಾಕ್ಟೀರಿಯಾವನ್ನು ಕೊಂದರೆ ನಮ್ಮನ್ನು, ಗಿಡವನ್ನು ಯಾಕೆ ಕೊಲ್ಲುವುದಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಒಂದು ಕಡೆ ಸಿಗುತ್ತದೆ: ಎಲ್ಲ ಜೀವಿಗಳಲ್ಲೂ ಹೆಚ್ಚುಕಮ್ಮಿ ಹಾಗೇ ಉಳಿದುಬಂದಿರುವ ರೈಬೋಸೋಮ್ ಪ್ರೋಟೀನುಗಳ ಜೀನ್‌ಗಳಲ್ಲಿ. ಕೇಳಲಿಕ್ಕೆ ಇದು ಲ್ಯಾಬಿನ ವಿಷಯ. ಆದರೆ ಕೃಷಿ ನೀತಿ, ಔಷಧಿ ನೀತಿ, ಪಠ್ಯಪುಸ್ತಕದ ಜಗಳ ಮೂರೂ ಇದಕ್ಕೆ ಬಂದು ಸೇರುತ್ತವೆ.

ರೈಬೋಸೋಮ್ ಅಂದ್ರೆ ಏನು?

ಡಿಎನ್‌ಎಯಲ್ಲಿ ಬರೆದಿರುವ ಮಾಹಿತಿಯ ನಕಲು ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ಅದನ್ನು ಓದಿ, ಒಂದೊಂದೇ ಅಮೈನೋ ಆಮ್ಲ ಪೋಣಿಸಿ ಪ್ರೋಟೀನು ಮಾಡುವ ಯಂತ್ರವೇ ರೈಬೋಸೋಮ್. ನಮ್ಮ ಒಂದೊಂದು ಜೀವಕೋಶದಲ್ಲೂ ಇಂಥವು ಲಕ್ಷಗಟ್ಟಲೆ ಇವೆ. ಬ್ಯಾಕ್ಟೀರಿಯಾದ ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಅಮೈನೋ ಆಮ್ಲ ಜೋಡಿಸಬಲ್ಲದು. ಇದು ನಿಂತರೆ ಜೀವ ನಿಲ್ಲುತ್ತದೆ.

ಈ ಯಂತ್ರದಲ್ಲಿ ಎರಡು ಭಾಗ: ಒಂದು ಸಣ್ಣದು, ಒಂದು ದೊಡ್ಡದು. ಸಣ್ಣ ಭಾಗ ಸಂಕೇತವನ್ನು ಓದುತ್ತದೆ, ದೊಡ್ಡದು ಅಮೈನೋ ಆಮ್ಲಗಳನ್ನು ಬೆಸೆಯುತ್ತದೆ. ಎರಡೂ ಆರ್‌ಎನ್‌ಎ ಮತ್ತು ಪ್ರೋಟೀನುಗಳಿಂದ ಆದವು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಸಣ್ಣ ಭಾಗಕ್ಕೆ 21, ದೊಡ್ಡ ಭಾಗಕ್ಕೆ 33 ಪ್ರೋಟೀನುಗಳಿವೆ. ಮನುಷ್ಯರಲ್ಲಿ ಒಟ್ಟು 80. ಈ ಯಂತ್ರದ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ್ದಕ್ಕೆ 2009ರ ರಸಾಯನಶಾಸ್ತ್ರ ನೊಬೆಲ್ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೊನಾತ್ ಅವರಿಗೆ ಬಂತು.

'ಸಂರಕ್ಷಿತ' ಜೀನ್ ಅಂದ್ರೆ?

ವಿಕಾಸದ ಹಾದಿಯಲ್ಲಿ ಜೀನ್‌ಗಳು ಬದಲಾಗುತ್ತಲೇ ಇರುತ್ತವೆ. ಕೆಲವು ಬೇಗ, ಕೆಲವು ನಿಧಾನ. ಕೋಟ್ಯಂತರ ವರ್ಷ ಕಳೆದರೂ, ಬೇರೆ ಬೇರೆ ಜೀವಿಗಳಲ್ಲಿ ಒಂದೇ ತರಹ ಉಳಿದುಕೊಂಡ ಜೀನ್‌ಗಳಿಗೆ ಸಂರಕ್ಷಿತ ಜೀನ್ ಅಂತಾರೆ. ಯಾರೋ ಕಾಪಾಡಿದ್ದಾರೆ ಅಂತಲ್ಲ. ಅಲ್ಲಿ ಬದಲಾವಣೆ ಆಗುತ್ತದೆ, ಆದರೆ ಬದಲಾದ ಜೀವಿ ಹೆಚ್ಚಾಗಿ ಬದುಕುವುದಿಲ್ಲ, ಇಲ್ಲವೇ ಉಳಿದವರ ಎದುರು ಸೋಲುತ್ತದೆ. ಹೀಗಾಗಿ ಹಳೆಯ ರೂಪವೇ ಮುಂದುವರಿಯುತ್ತದೆ.

ಓಡುವ ಬಸ್ಸಿನ ಸೀಟು, ಬಣ್ಣ ಬದಲಿಸಬಹುದು. ಎಂಜಿನ್ ಒಳಗಿನ ಗೇರು ಒಂದು ಎಳೆ ಆಚೀಚೆ ಆದರೂ ಗಾಡಿ ನಿಲ್ಲುತ್ತದೆ. ರೈಬೋಸೋಮಿನ ಪ್ರೋಟೀನುಗಳು ಆ ಗೇರಿನ ಹಾಗೆ. ಒಂದೊಂದೂ ಆರ್‌ಎನ್‌ಎಗೆ, ಪಕ್ಕದ ಪ್ರೋಟೀನಿಗೆ ಕಚ್ಚಿಕೊಂಡು ಕೂತಿರುತ್ತದೆ. ಒಂದನ್ನು ಬದಲಿಸಬೇಕಾದರೆ ಹತ್ತು ಕಡೆ ಹೊಂದಿಸಬೇಕು.

ಎಷ್ಟರ ಮಟ್ಟಿಗೆ ಉಳಿದಿವೆ? ಬ್ಯಾಕ್ಟೀರಿಯಾ, ಆರ್ಕಿಯಾ, ಮತ್ತು ನಾವು, ಗಿಡ, ಶಿಲೀಂಧ್ರ ಎಲ್ಲಾ ಸೇರುವ ಯೂಕ್ಯಾರಿಯೋಟ್ — ಈ ಮೂರೂ ಗುಂಪುಗಳಲ್ಲಿ ಸಿಗುವ ರೈಬೋಸೋಮ್ ಪ್ರೋಟೀನುಗಳು ಸುಮಾರು 34. ಮನುಷ್ಯನ ಮತ್ತು ಇಲಿಯ ರೈಬೋಸೋಮ್ ಪ್ರೋಟೀನುಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಸರಾಸರಿ ಶೇ. 99ರ ಆಸುಪಾಸು. ಇದೇ ಕಾರಣಕ್ಕೆ ಜೀವಿಗಳ ವಂಶವೃಕ್ಷ ಬಿಡಿಸಲಿಕ್ಕೆ ವಿಜ್ಞಾನಿಗಳು ಇವನ್ನೇ ಬಳಸುತ್ತಾರೆ. ಕಾರ್ಲ್ ವೋಸ್ 1977ರಲ್ಲಿ ಆರ್ಕಿಯಾ ಎಂಬ ಮೂರನೇ ಗುಂಪನ್ನು ಗುರುತಿಸಿದ್ದು ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ. 2016ರಲ್ಲಿ ಪ್ರಕಟವಾದ ಹೊಸ ವಂಶವೃಕ್ಷದಲ್ಲಿ 16 ರೈಬೋಸೋಮ್ ಪ್ರೋಟೀನುಗಳನ್ನು 3,083 ಜೀವಿಗಳಲ್ಲಿ ಹೋಲಿಸಲಾಗಿತ್ತು.

ಹೆಸರಿನ ಗೊಂದಲವೂ ಇತ್ತು. ಒಂದೇ ಪ್ರೋಟೀನಿಗೆ ಬ್ಯಾಕ್ಟೀರಿಯಾದಲ್ಲಿ ಒಂದು ಹೆಸರು, ಮನುಷ್ಯನಲ್ಲಿ ಇನ್ನೊಂದು. ಅದಕ್ಕೆ 2014ರಲ್ಲಿ ಹೊಸ ಪದ್ಧತಿ ತಂದರು. ಎಲ್ಲ ಜೀವಿಗಳಲ್ಲೂ ಇರುವುದಕ್ಕೆ 'ಯು', ಬ್ಯಾಕ್ಟೀರಿಯಾದಲ್ಲಿ ಮಾತ್ರ ಇರುವುದಕ್ಕೆ 'ಬಿ' ಅಂತ ಹೆಸರಿನ ಮುಂದೆ ಅಕ್ಷರ ಸೇರಿಸಿದರು. ನಮ್ಮ ಕಥೆಯ ನಾಯಕ ಯುಎಸ್12. ಬ್ಯಾಕ್ಟೀರಿಯಾದಲ್ಲಿ ಇದರ ಹಳೇ ಹೆಸರು ಎಸ್12, ಜೀನಿನ ಹೆಸರು ಆರ್‌ಪಿಎಸ್‌ಎಲ್. ಮನುಷ್ಯರಲ್ಲಿ ಆರ್‌ಪಿಎಸ್23.

43ನೇ ಕುರ್ಚಿ

ಎಸ್12 ಕೂತಿರುವುದು ಸಣ್ಣ ಭಾಗದ ಸಂಕೇತ ಓದುವ ಜಾಗದ ಪಕ್ಕದಲ್ಲೇ. ಬಂದ ಅಮೈನೋ ಆಮ್ಲ ಸರಿಯಾದದ್ದೋ ತಪ್ಪಾದದ್ದೋ ಎಂಬ ತಪಾಸಣೆ ನಡೆಯುವುದು ಇಲ್ಲಿ. ಇ. ಕೋಲಿಯ ಎಸ್12ರಲ್ಲಿ 43ನೇ ಸ್ಥಾನದಿಂದ ಓದುತ್ತಾ ಹೋದರೆ ಹೀಗಿದೆ: ಲೈಸೀನ್, ಲೈಸೀನ್, ಪ್ರೋಲೀನ್, ಆಸ್ಪರಜೀನ್, ಸೆರೀನ್, ಅಲನೀನ್, ಲ್ಯೂಸೀನ್, ಆರ್ಜಿನೀನ್, ಲೈಸೀನ್. ಮನುಷ್ಯನ ಆರ್‌ಪಿಎಸ್23ರಲ್ಲಿ 60ನೇ ಸ್ಥಾನದಿಂದ: ಲೈಸೀನ್, ಗ್ಲುಟಮೀನ್, ಪ್ರೋಲೀನ್, ಆಸ್ಪರಜೀನ್, ಸೆರೀನ್, ಅಲನೀನ್, ಐಸೊಲ್ಯೂಸೀನ್, ಆರ್ಜಿನೀನ್, ಲೈಸೀನ್.

ಎಣಿಸಿ ನೋಡಿ. ಒಂಬತ್ತರಲ್ಲಿ ಏಳು ಒಂದೇ. ನಮ್ಮ ಮತ್ತು ಇ. ಕೋಲಿಯ ಪೂರ್ವಜರು ಬೇರೆಯಾಗಿ 300 ಕೋಟಿ ವರ್ಷಕ್ಕೂ ಹೆಚ್ಚು ಆಗಿದೆ.

ಇಲ್ಲಿಗೆ ಸ್ಟ್ರೆಪ್ಟೊಮೈಸಿನ್ ಬರುತ್ತದೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಲ್ಯಾಬಿನ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಇದನ್ನು ಬೇರ್ಪಡಿಸಿದ. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ದುಡಿದ ವಿದ್ಯಾರ್ಥಿಗೆ ಹೆಸರು ಸಿಗದ ಆ ಕಥೆಯೇ ಬೇರೆ. ಟಿಬಿಗೆ ಕೆಲಸ ಮಾಡಿದ ಮೊದಲ ಆಂಟಿಬಯೋಟಿಕ್ ಇದೇ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ಅಣುಮಟ್ಟದಲ್ಲಿ ಸ್ಪಷ್ಟವಾದದ್ದು 2000ದಲ್ಲಿ, ರಾಮಕೃಷ್ಣನ್ ತಂಡದ ಕೆಲಸದಿಂದ. ಸ್ಟ್ರೆಪ್ಟೊಮೈಸಿನ್ ಸಣ್ಣ ಭಾಗದ ಆರ್‌ಎನ್‌ಎಗೂ ಎಸ್12ರ ಇದೇ ಲೈಸೀನಿಗೂ ಅಂಟಿಕೊಂಡು ಕೂರುತ್ತದೆ. ಆಗ ತಪಾಸಣೆ ಸಡಿಲಾಗುತ್ತದೆ. ತಪ್ಪು ಅಮೈನೋ ಆಮ್ಲಕ್ಕೂ 'ಸರಿ' ಅಂತ ಠಸ್ಸೆ ಬೀಳುತ್ತದೆ. ಕೆಟ್ಟ ಪ್ರೋಟೀನುಗಳು ತುಂಬಿ ಬ್ಯಾಕ್ಟೀರಿಯಾ ಸಾಯುತ್ತದೆ.

ಆದರೆ 43ನೇ ಸ್ಥಾನದ ಲೈಸೀನ್ ಹೋಗಿ ಆರ್ಜಿನೀನ್ ಬಂದರೆ? ಮದ್ದು ಕೂರಲಿಕ್ಕೆ ಜಾಗ ಕೆಡುತ್ತದೆ, ರೈಬೋಸೋಮ್ ಮಾತ್ರ ಹೆಚ್ಚು ನಷ್ಟವಿಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಪ್ರತಿರೋಧ ಬಂತು ಅಂತಲೇ ಲೆಕ್ಕ. ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಟಿಬಿ ಬ್ಯಾಕ್ಟೀರಿಯಾದಲ್ಲಿ ಅತಿ ಹೆಚ್ಚು ಸಿಗುವ ಬದಲಾವಣೆ ಇದು. ಸೇಬು, ಪೇರು ಗಿಡಗಳಿಗೆ ಬರುವ ಬೆಂಕಿ ಅಂಗಮಾರಿಯ ಬ್ಯಾಕ್ಟೀರಿಯಾದಲ್ಲಿ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ಆರಂಭದಲ್ಲಿ ಪ್ರತಿರೋಧ ಕಂಡಿತು. ಅಲ್ಲೂ ಕಾರಣವಾದದ್ದು ಇದೇ 43ನೇ ಸ್ಥಾನ. ಚೀನಾದ ಭತ್ತದ ಗದ್ದೆಯ ಜ್ಯಾಂಥೊಮೊನಾಸ್‌ನಲ್ಲೂ ಅದೇ. ಬೇರೆ ಬೇರೆ ಖಂಡ, ಬೇರೆ ಬೇರೆ ಜೀವಿ, ಆದರೂ ತಪ್ಪಿಸಿಕೊಳ್ಳಲು ಹುಡುಕಿಕೊಂಡ ಕಿಂಡಿ ಒಂದೇ. ಬಾಗಿಲಿನ ವಿನ್ಯಾಸ ಒಂದೇ ಇದ್ದ ಮೇಲೆ ಮುರಿಯುವ ಜಾಗವೂ ಒಂದೇ ಆಗುತ್ತದೆ.

ಇನ್ನೂ ಒಂದು ಸೋಜಿಗ ಇದೆ. 2021ರಲ್ಲಿ ವಿಜ್ಞಾನಿಗಳು ಹಣ್ಣಿನ ನೊಣ, ಒಂದು ಜಾತಿಯ ಸಣ್ಣ ಹುಳ ಮತ್ತು ಯೀಸ್ಟ್‌ಗಳಲ್ಲಿ ಇದೇ ಸ್ಥಾನದ ಲೈಸೀನನ್ನು ಆರ್ಜಿನೀನ್‌ಗೆ ಬದಲಿಸಿ ನೋಡಿದರು. ಪ್ರೋಟೀನು ಮಾಡುವಾಗಿನ ತಪ್ಪು ಕಡಿಮೆಯಾಗಿ ಆಯಸ್ಸು ಹೆಚ್ಚಿತು. ಕುದಿವ ಬುಗ್ಗೆಗಳಲ್ಲಿ ಬದುಕುವ ಕೆಲವು ಆರ್ಕಿಯಾಗಳಲ್ಲಿ ಇಲ್ಲಿ ಆರ್ಜಿನೀನ್ ಸಹಜವಾಗಿಯೇ ಇದೆ.

ಹಾಗಾದರೆ ಮದ್ದು ನಮ್ಮನ್ನ ಯಾಕೆ ಕೊಲ್ಲಲ್ಲ?

ಎಸ್12 ಇಷ್ಟು ಹೋಲುತ್ತದೆ ಅಂದಮೇಲೆ ಸ್ಟ್ರೆಪ್ಟೊಮೈಸಿನ್ ನಮಗೂ ವಿಷ ಆಗಬೇಕಿತ್ತಲ್ಲ? ಮದ್ದು ಮುಖ್ಯವಾಗಿ ಹಿಡಿದುಕೊಳ್ಳುವುದು ಆರ್‌ಎನ್‌ಎಯನ್ನು. ಅಲ್ಲಿ ಬ್ಯಾಕ್ಟೀರಿಯಾಕ್ಕೂ ನಮಗೂ ಕೆಲವು ಅಕ್ಷರಗಳ ವ್ಯತ್ಯಾಸ ಇದೆ. ಆ ಕೆಲವೇ ಅಕ್ಷರಗಳ ಅಂತರದಲ್ಲಿ ನಮ್ಮ ಜೀವ ಉಳಿದಿದೆ.

ಪೂರ್ತಿ ಉಳಿದಿದೆ ಅಂತಲೂ ಹೇಳುವ ಹಾಗಿಲ್ಲ. ನಮ್ಮ ಕೋಶದೊಳಗಿನ ಮೈಟೊಕಾಂಡ್ರಿಯಾ ಬಹಳ ಹಿಂದೆ ಒಳಸೇರಿಕೊಂಡ ಬ್ಯಾಕ್ಟೀರಿಯಾದ ಸಂತತಿ. ಅದಕ್ಕೆ ತನ್ನದೇ ರೈಬೋಸೋಮ್ ಇದೆ, ಅದು ಬ್ಯಾಕ್ಟೀರಿಯಾದ ತರಹದ್ದು. ಸ್ಟ್ರೆಪ್ಟೊಮೈಸಿನ್ ಗುಂಪಿನ ಔಷಧಿಗಳು ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಕೆಡಿಸುತ್ತವೆ. ಸ್ಟ್ರೆಪ್ಟೊಮೈಸಿನ್ ವಿಶೇಷವಾಗಿ ದೇಹದ ಸಮತೋಲನಕ್ಕೆ ಪೆಟ್ಟು ಕೊಡುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ 1555ನೇ ಅಕ್ಷರ ಬದಲಾಗಿದ್ದವರಿಗೆ ಈ ಗುಂಪಿನ ಔಷಧಿಯಿಂದ ಪೂರ್ತಿ ಕಿವುಡುತನವೂ ಬರಬಹುದು. ಆ ಬದಲಾವಣೆ ಬರುವುದು ತಾಯಿಯಿಂದ ಮಕ್ಕಳಿಗೆ. ಆ ಒಂದು ಅಕ್ಷರದಿಂದ ಅಲ್ಲಿನ ಆರ್‌ಎನ್‌ಎ ಬ್ಯಾಕ್ಟೀರಿಯಾದ್ದನ್ನು ಇನ್ನಷ್ಟು ಹೋಲುವ ಹಾಗೆ ಆಗುತ್ತದೆ. ಅಜ್ಜನ "ತಲಿ ಗಿರ್ ಅಂತೈತಿ" ವಯಸ್ಸಿನ ಗೊಣಗಾಟ ಅಂತ ನಾವೆಲ್ಲ ಅಂದುಕೊಂಡಿದ್ವಿ. ಅದು ಔಷಧಿಯ ಗೊತ್ತಿರುವ ಅಡ್ಡಪರಿಣಾಮ ಅಂತ ಆಗ ಯಾರೂ ನಮಗೆ ಹೇಳಲಿಲ್ಲ.

ಗಿಡಕ್ಕೂ ಇದೇ ಮಾತು. ಎಲೆ ಹಸಿರಾಗಿರಲು ಕಾರಣವಾದ ಕ್ಲೋರೊಪ್ಲಾಸ್ಟ್‌ಗೂ ಬ್ಯಾಕ್ಟೀರಿಯಾ ಮೂಲ, ಅದರ ಎಸ್12 ಜೀನ್ ಈಗಲೂ ಕ್ಲೋರೊಪ್ಲಾಸ್ಟ್‌ನ ಡಿಎನ್‌ಎಯಲ್ಲೇ ಇದೆ. ಸ್ಟ್ರೆಪ್ಟೊಮೈಸಿನ್ ಡೋಸ್ ಹೆಚ್ಚಾದರೆ ಎಲೆ ಬಿಳಚಿಕೊಳ್ಳುವುದು ಅದಕ್ಕೇ.

ತೋಟದಲ್ಲಿ ಆಗಿದ್ದು

ದಾಳಿಂಬೆಯ ದುಂಡಾಣು ಅಂಗಮಾರಿಗೆ ಕಾರಣ ಜ್ಯಾಂಥೊಮೊನಾಸ್ ಜಾತಿಯ ಒಂದು ಬ್ಯಾಕ್ಟೀರಿಯಾ. ಎಲೆ ಮೇಲೆ ನೀರು ತುಂಬಿದಂಥ ಚುಕ್ಕೆ, ಆಮೇಲೆ ಕಪ್ಪು. ಕಾಯಿ ಮೇಲೆ ಕಪ್ಪು ಕಲೆ ಬಿದ್ದು ಸೀಳುತ್ತದೆ. ಸೀಳಿದ ಹಣ್ಣಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಿಂದ. 2000ದ ದಶಕದಲ್ಲಿ ಉತ್ತರ ಕರ್ನಾಟಕ, ಮಹಾರಾಷ್ಟ್ರದ ತೋಟಗಳನ್ನು ಇದು ಹಾಳುಗೆಡವಿತು. ಬಾಗಲಕೋಟೆ, ವಿಜಯಪುರ, ಕೊಪ್ಪಳದ ರೈತರು ಸಾಲ ಮಾಡಿ ಹಚ್ಚಿದ ಗಿಡ ಕಿತ್ತು ಹಾಕಿದರು. ಕಾಕಾನೂ ಕಿತ್ತ. ಕಬ್ಬು ಹಚ್ಚಿದ.

ಆ ದಿನಗಳ ರೂಢಿಯ ಉಪಾಯ ಸ್ಟ್ರೆಪ್ಟೊಸೈಕ್ಲಿನ್: 9 ಭಾಗ ಸ್ಟ್ರೆಪ್ಟೊಮೈಸಿನ್, 1 ಭಾಗ ಟೆಟ್ರಾಸೈಕ್ಲಿನ್. ಟೆಟ್ರಾಸೈಕ್ಲಿನ್ ಕೂಡ ರೈಬೋಸೋಮಿನ ಸಣ್ಣ ಭಾಗಕ್ಕೇ ಅಂಟುವ ಔಷಧಿ. ಇದನ್ನು ತಾಮ್ರದ ಪುಡಿ ಜೊತೆ ಕಲಸಿ ಹೊಡೆಯುತ್ತಿದ್ದರು. ಮಳೆ ಬಂದರೆ ಮತ್ತೆ ಹೊಡೆ, ಚುಕ್ಕಿ ಕಂಡರೆ ಮತ್ತೆ ಹೊಡೆ.

ಇಲ್ಲೊಂದು ಸಂಗತಿ ಗಮನಿಸಿ. ಕೀಟನಾಶಕ ಕಾಯ್ದೆಯಡಿ ಈ ಮಿಶ್ರಣಕ್ಕೆ ನೋಂದಣಿ ಇದ್ದದ್ದು ಸೇಬು, ಭತ್ತ, ಟೊಮೆಟೊ, ಆಲೂಗಡ್ಡೆ, ಲಿಂಬೆ ಜಾತಿ ಸೇರಿ ಎಂಟು ಬೆಳೆಗಳಿಗೆ. ದಾಳಿಂಬೆ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಅಂಗಡಿಯಲ್ಲಿ ಸಿಗುತ್ತಿತ್ತು, ಶಿಫಾರಸೂ ಇತ್ತು. ಪಟ್ಟಿ ಓದುವ ಹೊಣೆ ಕಾಕಾನ ಮೇಲೆ ಹಾಕಿದರೆ ಅದು ನ್ಯಾಯ ಅಲ್ಲ.

ತೋಟದ ಪ್ರತಿರೋಧ ಮನುಷ್ಯರಿಗೆ ಬರುತ್ತಾ?

ಸೋಷಿಯಲ್ ಮೀಡಿಯಾದಲ್ಲಿ ಇದಕ್ಕೆ ಸಿಗುವ ಉತ್ತರ ಎರಡೇ: "ಹಣ್ಣು ತಿಂದರೆ ಟಿಬಿ ಔಷಧಿ ಕೆಲಸ ಮಾಡಲ್ಲ" ಅಥವಾ "ಏನೂ ಆಗಲ್ಲ". ಎರಡೂ ತಪ್ಪು.

ಟಿಬಿ ಬ್ಯಾಕ್ಟೀರಿಯಾ ದಾಳಿಂಬೆ ಎಲೆ ಮೇಲೆ ಬದುಕುವುದಿಲ್ಲ. ಅದರ 43ನೇ ಸ್ಥಾನದ ಬದಲಾವಣೆ ಆಗುವುದು ರೋಗಿಯ ದೇಹದಲ್ಲಿ, ಚಿಕಿತ್ಸೆ ಅರ್ಧಕ್ಕೆ ನಿಂತಾಗ ಅಥವಾ ಒಂದೇ ಔಷಧಿ ಕೊಟ್ಟಾಗ. ಆ ಬದಲಾವಣೆ ಕೂತಿರುವುದು ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ. ಅದು ಒಂದು ಜಾತಿಯಿಂದ ಇನ್ನೊಂದಕ್ಕೆ ಸುಲಭಕ್ಕೆ ಹಾರುವುದಿಲ್ಲ. ಹಾಗಾಗಿ ಅಜ್ಜನ ಟಿಬಿ ಮರುಕಳಿಸಿದ್ದಕ್ಕೆ ಕಾಕಾನ ಬ್ಯಾರಲ್ ಕಾರಣ ಅಂತ ಹೇಳಿದರೆ ಅದು ಸುಳ್ಳು.

ಆದರೆ ಪ್ರತಿರೋಧಕ್ಕೆ ಇನ್ನೊಂದು ದಾರಿ ಇದೆ. ಎಸ್‌ಟಿಆರ್‌ಎ, ಎಸ್‌ಟಿಆರ್‌ಬಿ ಎಂಬ ಜೀನ್‌ಗಳು ಸ್ಟ್ರೆಪ್ಟೊಮೈಸಿನ್ನನ್ನೇ ನಿಷ್ಕ್ರಿಯ ಮಾಡುತ್ತವೆ. ಇವು ಓಡಾಡುವ ಡಿಎನ್‌ಎ ತುಂಡುಗಳ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಗಿಡದ ರೋಗಾಣುಗಳಲ್ಲೂ ಮನುಷ್ಯರ ರೋಗಾಣುಗಳಲ್ಲೂ ಈ ಜೀನ್‌ಗಳು ಸಿಕ್ಕಿವೆ. ತೋಟದ ಮಣ್ಣು, ಕಾಲುವೆ ನೀರು, ಬ್ಯಾರಲ್ ತೊಳೆದ ಜಾಗ, ಕೈ ತೊಳೆಯದೆ ಮಾಡಿದ ಊಟ — ಔಷಧಿ ಬಿದ್ದ ಪ್ರತಿ ಜಾಗದಲ್ಲೂ ಇಂಥ ಜೀನ್ ಇರುವ ಬ್ಯಾಕ್ಟೀರಿಯಾ ಉಳಿದು, ಇಲ್ಲದ್ದು ಸಾಯುತ್ತದೆ. ಅಪಾಯ ಇರುವುದು ಇಲ್ಲಿ. ನಿಧಾನವಾಗಿ, ಎಲ್ಲರ ಪಾಲಿಗೂ.

ಕಾನೂನು ಏನು ಹೇಳಿತು?

2019ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬೆಳೆಗಳಿಗೆ ಈ ಔಷಧಿಯನ್ನು ಎಗ್ಗಿಲ್ಲದೆ ಬಳಸುವುದನ್ನು ಬಯಲಿಗೆ ತಂದಿತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಕರಡು ಆದೇಶ ಹೊರಡಿಸಿತು: 2022ರ ಫೆಬ್ರವರಿ 1ರಿಂದ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಕೃಷಿ ಮಿಶ್ರಣದ ಆಮದು, ತಯಾರಿಕೆ ನಿಲ್ಲಬೇಕು, 2024ರ ಜನವರಿ 1ರಿಂದ ಬಳಕೆಯೇ ನಿಲ್ಲಬೇಕು. ಆ ದಿನಾಂಕಗಳು ದಾಟಿಹೋಗಿವೆ.

ಉದ್ದೇಶ ಸರಿಯಾಗಿದೆ. ಆದರೆ ಪಾಕೀಟು ಕಿತ್ತುಕೊಂಡು ರೈತನ ಕೈಗೆ ಏನು ಕೊಡುತ್ತೀರಿ ಅನ್ನೋದು ಪ್ರಶ್ನೆ. ಉಪಾಯಗಳು ಇವೆ. ರೋಗ ಇಲ್ಲದ ಸಸಿ, ಸೋಂಕಿದ ಕೊಂಬೆ ಕತ್ತರಿಸಿ ಸುಡುವುದು, ಕತ್ತರಿಯನ್ನು ಪ್ರತಿ ಗಿಡಕ್ಕೂ ತೊಳೆಯುವುದು, ಬೋರ್ಡೋ ದ್ರಾವಣ, ಗಿಡಕ್ಕೆ ಮೂರ್ನಾಲ್ಕು ತಿಂಗಳ ವಿಶ್ರಾಂತಿ, ಮಳೆಗಾಲದ ಬಹಾರ್ ಬಿಟ್ಟು ಹಸ್ತ ಬಹಾರ್ ಹಿಡಿಯುವುದು. ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಆದರೆ ಇವೆಲ್ಲಕ್ಕೂ ಆಳು ಬೇಕು, ಒಂದು ಬೆಳೆ ಬಿಟ್ಟು ಕಾಯುವ ತಾಕತ್ತು ಬೇಕು. ಬ್ಯಾಂಕಿನ ಕಂತು ಕಾಯುವುದಿಲ್ಲ. ಪಾಕೀಟು ಅಗ್ಗ, ಅದಕ್ಕೇ ಅದು ಗೆದ್ದಿತು. ನಿಷೇಧದ ಜೊತೆ ಬೆಳೆ ವಿಮೆ, ಸಸಿಗೆ ಸಹಾಯಧನ, ಊರಿಗೇ ಬಂದು ರೋಗ ಪರೀಕ್ಷೆ ಮಾಡುವ ವ್ಯವಸ್ಥೆ ಬರದಿದ್ದರೆ, ನಿಷೇಧದ ಪೂರ್ತಿ ಖರ್ಚು ಬೀಳುವುದು ಎರಡೆಕರೆಯವನ ತಲೆ ಮೇಲೆ.

ಪಠ್ಯಪುಸ್ತಕದಿಂದ ಕಿತ್ತಿದ್ದು ಯಾವುದನ್ನ?

ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಆಗ ನನ್ನ ಗೆಳೆಯನೊಬ್ಬ ಕೇಳಿದ: "ಮಂಗನಿಂದ ಮಾನವ ಬಂದ ಅನ್ನೋದು ಗೊತ್ತಿಲ್ದಿದ್ರ ಏನ್ ಗಂಟು ಹೋಗ್ತೈತಿ?"

ಈ ಬರಹ ಅವನಿಗೆ ಉತ್ತರ. ಬ್ಯಾಕ್ಟೀರಿಯಾಕ್ಕೂ ನಮಗೂ ಒಂದೇ ಮೂಲ ಅಂತ ಒಪ್ಪದೆ, ಒಂದೇ ಔಷಧಿ ತೋಟದಲ್ಲೂ ಆಸ್ಪತ್ರೆಯಲ್ಲೂ ಯಾಕೆ ಕೆಲಸ ಮಾಡುತ್ತದೆ ಅಂತ ವಿವರಿಸಲಾಗುವುದಿಲ್ಲ. ಅದು ಕಿವಿಯನ್ನು ಯಾಕೆ ಕೆಡಿಸುತ್ತದೆ, ಎಲೆಯನ್ನು ಯಾಕೆ ಬಿಳಚಿಸುತ್ತದೆ, ಕ್ಯಾಲಿಫೋರ್ನಿಯಾದ ಪೇರು ತೋಟದಲ್ಲೂ ಟಿಬಿ ರೋಗಿಯ ಎದೆಯಲ್ಲೂ ಅದೇ 43ನೇ ಸ್ಥಾನ ಯಾಕೆ ಬದಲಾಗುತ್ತದೆ — ಯಾವುದನ್ನೂ ವಿವರಿಸಲಾಗುವುದಿಲ್ಲ. 10ನೇ ತರಗತಿಯ ನಂತರ ವಿಜ್ಞಾನ ಓದದ ಮಕ್ಕಳೇ ಹೆಚ್ಚು. ನಾಳೆ ಪಂಪು ಬೆನ್ನಿಗೆ ಹಾಕಿಕೊಳ್ಳುವವರು, ಔಷಧಿ ಅಂಗಡಿ ಇಡುವವರು, ಪಂಚಾಯ್ತಿಗೆ ನಿಲ್ಲುವವರು ಅವರೇ.

ಅಜ್ಜ ಟಿಬಿಯಿಂದ ಗುಣವಾದ. ಆದರೆ ಕಡೇತನಕ ಗೋಡೆ ಹಿಡಿದೇ ನಡೆದ. ಹೋದ ವರ್ಷ ಕಾಕಾ ಮತ್ತೆ ಅರ್ಧ ಎಕರೆ ದಾಳಿಂಬೆ ಹಚ್ಚುವ ಮಾತಾಡಿದಾಗ, ಇದನ್ನೆಲ್ಲ ಕೂತು ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಆಗ ನಮಗ ಯಾಕ ಯಾರೂ ಹೇಳಲಿಲ್ಲೋ?"